ವಿಶ್ವವಿದ್ಯಾಲಯದ ಮೊದಲ ವರ್ಷ: ಕೆಲವು ಪಾಠಗಳು

'ವಿದ್ಯಾರ್ಥಿ' ಎಂಬ ಪದವನ್ನು ಬಿಡಿಸಿದರೆ 'ವಿದ್ಯೆಯನ್ನು ಬೇಡುವವನು' ಎಂಬ ಅರ್ಥ ದೊರೆಯುತ್ತದೆ. ಪ್ರೌಢಶಾಲೆಯಲ್ಲಿ ಬೇಡುವುದಕ್ಕೆ ಮೊದಲೇ ವಿದ್ಯೆಯನ್ನು ಉಣಬಡಿಸುವ ಉಪಾಧ್ಯಾಯರಿರುತ್ತಾರೆ. ವಿಶ್ವವಿದ್ಯಾಲಯದಲ್ಲಾದರೋ ಬೇಡಿದವನಿಗೆ ಮಾತ್ರ ಬಡಿಸುವ ಪದ್ಧತಿ. ಈ ಭೇದವನ್ನು ಅರಿತುಕೊಳ್ಳುವಷ್ಟರಲ್ಲಿ ಅನೇಕರ ಪಾಲಿಗೆ ಮೊದಲ ವರ್ಷವೇ ಕಳೆದುಹೋಗಿರುತ್ತದೆ.

ದೇವನಹಳ್ಳಿ ತಾಲ್ಲೂಕಿನ ಕುಂದಾಣ ಹೋಬಳಿಯ ಹಳ್ಳಿಗಳಿಗೆ ಬೆಂಗಳೂರು ದೂರವಲ್ಲ. 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣವು ಆರಂಭವಾದ ಮೇಲೆ ನಗರವೇ ಹೊಲದ ಬದುವಿನವರೆಗೆ ಬಂದಂತಾಗಿದೆ. ಬೆಂಗಳೂರು ವಿಶ್ವವಿದ್ಯಾಲಯವು ವಿಭಜನೆಗೊಂಡು, 2017ರಿಂದ ಕೋಲಾರವನ್ನು ಕೇಂದ್ರವಾಗಿ ಉಳ್ಳ ಬೆಂಗಳೂರು ಉತ್ತರ ವಿಶ್ವವಿದ್ಯಾಲಯವು ಈ ಭಾಗದಲ್ಲಿ ಕಾರ್ಯನಿರ್ವಹಿಸುತ್ತಿದೆ. ಆದರೆ ದಾರಿಯ ದೂರ ತಗ್ಗಿದ ಮಾತ್ರಕ್ಕೆ ಮನಸ್ಸಿನ ದೂರ ತಗ್ಗುವುದಿಲ್ಲ. ಕನ್ನಡದಲ್ಲಿ ಓದಿ ಉತ್ತಮ ಅಂಕಗಳನ್ನು ಪಡೆದ ಹಳ್ಳಿಯ ಮಕ್ಕಳು ನಗರದ ತರಗತಿಯ ಹಿಂದಿನ ಬೆಂಚಿನಲ್ಲಿ ಮೌನವಾಗಿ ಕುಳಿತುಬಿಡುವುದು ಇಂದಿಗೂ ಕಾಣುವ ದೃಶ್ಯ.

ಈ ಸೀಮೆಯ ಹಿರಿಯರು ಇದಕ್ಕಿಂತ ಕಠಿನವಾದ ಹಾದಿಯನ್ನು ನಡೆದವರು. ನಂದಿಬೆಟ್ಟದ ಆಚೆಯ ಮುದ್ದೇನಹಳ್ಳಿಯಲ್ಲಿ ಜನಿಸಿದ ಸರ್ ಎಂ. ವಿಶ್ವೇಶ್ವರಯ್ಯನವರು ಮಕ್ಕಳಿಗೆ ಮನೆಪಾಠ ಹೇಳಿ ಜೀವನ ಸಾಗಿಸುತ್ತ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ 1881ರಲ್ಲಿ ಬಿ.ಎ. ಪದವೀಧರರಾದರು. ಆಗ ಮೈಸೂರು ಸಂಸ್ಥಾನಕ್ಕೆ ತನ್ನದೇ ವಿಶ್ವವಿದ್ಯಾಲಯವಿರಲಿಲ್ಲ. ಪದವಿಯನ್ನು ಮದರಾಸು ವಿಶ್ವವಿದ್ಯಾಲಯವೇ ನೀಡಬೇಕಿತ್ತು. ಆ ಕೊರತೆ ನೀಗಿದ್ದು 1916ರಲ್ಲಿ, ಅವರೇ ದಿವಾನರಾಗಿದ್ದ ಕಾಲದಲ್ಲಿ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಎಚ್. ನರಸಿಂಹಯ್ಯನವರು 1935ರಲ್ಲಿ ಪ್ರೌಢಶಾಲೆಯ ವ್ಯಾಸಂಗಕ್ಕೆಂದು ಬೆಂಗಳೂರಿಗೆ ಕಾಲ್ನಡಿಗೆಯಲ್ಲಿ ಬಂದವರು. ಮುಂದೆ ಬೆಂಗಳೂರು ವಿಶ್ವವಿದ್ಯಾಲಯಕ್ಕೆ ಕುಲಪತಿಗಳಾದರು. ಇವರ ಬಾಳನ್ನು ಹೊಗಳುವುದು ಸುಲಭ. ಆದರೆ ಅಂತಹ ಛಲವಿಲ್ಲದ ಸಾಮಾನ್ಯ ವಿದ್ಯಾರ್ಥಿಯೂ ದಡ ಸೇರುವಂತೆ ಮಾಡುವುದು ವಿದ್ಯಾಸಂಸ್ಥೆಗಳ ಕರ್ತವ್ಯ. ಮೊದಲ ವರ್ಷವು ಕಲಿಸುವ ಪಾಠಗಳನ್ನು ಈ ದೃಷ್ಟಿಯಿಂದ ಪರಿಶೀಲಿಸಬೇಕು.

ಮೊದಲನೆಯದು ಭಾಷೆಯ ಪಾಠ. 'ಜಡತ್ವ' ಎಂದರೇನೆಂದು ಚೆನ್ನಾಗಿ ಬಲ್ಲ ಹುಡುಗನು 'ಇನರ್ಷಿಯ' ಎಂಬ ಶಬ್ದ ಕಿವಿಗೆ ಬಿದ್ದಾಗ ತನಗೇನೂ ತಿಳಿಯದೆಂದು ಭ್ರಮಿಸುತ್ತಾನೆ. 'ದ್ಯುತಿಸಂಶ್ಲೇಷಣೆ'ಯನ್ನು ಚಿತ್ರಸಹಿತ ವಿವರಿಸಬಲ್ಲ ಹುಡುಗಿಯು 'ಫೋಟೋಸಿಂಥೆಸಿಸ್' ಎಂದೊಡನೆ ತಲೆ ತಗ್ಗಿಸುತ್ತಾಳೆ. ಇಲ್ಲಿ ಕೊರತೆಯಿರುವುದು ಜ್ಞಾನದಲ್ಲಿ ಅಲ್ಲ, ಹೆಸರಿನಲ್ಲಿ. ಒಂದು ನೋಟುಪುಸ್ತಕದ ಪುಟವನ್ನು ಎರಡಾಗಿ ಗೆರೆಯೆಳೆದು, ಒಂದು ಕಡೆ ಕನ್ನಡದ ಪಾರಿಭಾಷಿಕ ಪದವನ್ನೂ ಇನ್ನೊಂದು ಕಡೆ ಇಂಗ್ಲಿಷಿನ ಪದವನ್ನೂ ದಿನಕ್ಕೆ ಹತ್ತರಂತೆ ಬರೆದುಕೊಂಡರೆ ನೂರು ದಿನಗಳಲ್ಲಿ ಸಾವಿರ ಪದಗಳಾಗುತ್ತವೆ. ಮೈಸೂರು ವಿಶ್ವವಿದ್ಯಾಲಯವು 1946ರಲ್ಲಿ ಇಂಗ್ಲಿಷ್–ಕನ್ನಡ ನಿಘಂಟನ್ನು ಹೊರತಂದುದು ಇಂತಹ ಸೇತುವೆ ಬೇಕೆಂಬ ಅರಿವಿನಿಂದಲೇ. ಕನ್ನಡದಲ್ಲಿ ಗಟ್ಟಿಯಾಗಿ ತಿಳಿದ ವಿಷಯವು ಇಂಗ್ಲಿಷಿಗೆ ದಾಟಬಲ್ಲದು. ತಿಳಿಯದೆ ಬಾಯಿಪಾಠ ಮಾಡಿದ ವಿಷಯವು ಯಾವ ಭಾಷೆಯಲ್ಲಿಯೂ ನಿಲ್ಲಲಾರದು.

ಎರಡನೆಯದು ಕೇಳುವ ಪಾಠ. ಶಾಲೆಯಲ್ಲಿ ನಡೆಯುವುದು 'ಪಾಠ'. ಕಾಲೇಜಿನಲ್ಲಿ ನಡೆಯುವುದು 'ಉಪನ್ಯಾಸ'. 'ಉಪ' ಎಂದರೆ ಸಮೀಪ, 'ನ್ಯಾಸ' ಎಂದರೆ ಇರಿಸುವಿಕೆ. ಉಪನ್ಯಾಸಕರು ವಿಷಯವನ್ನು ವಿದ್ಯಾರ್ಥಿಯ ಸಮೀಪದಲ್ಲಿ ಇರಿಸುತ್ತಾರೆ; ಎತ್ತಿಕೊಳ್ಳಬೇಕಾದವನು ಅವನೇ. ಕೇಳಿದ್ದನ್ನು ಅಂದೇ ಸಂಜೆ ತನ್ನ ಮಾತಿನಲ್ಲಿ ಬರೆದಿಡುವುದು, ಗ್ರಂಥಾಲಯದ ಒಂದು ಪುಸ್ತಕದೊಡನೆ ಹೋಲಿಸಿ ನೋಡುವುದು, ಸಂದೇಹವನ್ನು ಮರುದಿನ ಸಂಕೋಚವಿಲ್ಲದೆ ಕೇಳುವುದು—ಇವು ಮೂರೂ ಎತ್ತಿಕೊಳ್ಳುವ ಕೈಗಳು. ನಮ್ಮ ಪ್ರಾಚೀನರು ಶ್ರವಣ, ಮನನ, ನಿದಿಧ್ಯಾಸನ ಎಂದು ಹೇಳಿದ ಕ್ರಮವು ಇದಕ್ಕೆ ದೂರವಾದುದಲ್ಲ.

ಮೂರನೆಯದು ಕಾಲದ ಪಾಠ. ಸೆಮಿಸ್ಟರ್ ಪದ್ಧತಿಯಲ್ಲಿ ವರ್ಷಕ್ಕೆ ಎರಡು ಸಲ ಪರೀಕ್ಷೆ ಬರುತ್ತದೆ. ಒಕ್ಕಲು ಮನೆತನದ ಮಕ್ಕಳಿಗೆ ರಾಗಿ ಕೊಯ್ಲಿನ ಕಾಲದಲ್ಲಿ ಮನೆಯಿಂದ ಕರೆ ಬರುವುದೂ ಉಂಟು. ಹಾಜರಿ ತಪ್ಪಿ, ಒಂದು ವಿಷಯವು ಉಳಿದುಕೊಂಡರೆ ಅದು ಮುಂದಿನ ಅವಧಿಯ ಹೆಗಲೇರುತ್ತದೆ. ಇದರ ಜೊತೆಗೆ ನಿಯಮಗಳೂ ಬದಲಾಗುತ್ತಿರುತ್ತವೆ. ರಾಜ್ಯದಲ್ಲಿ 2021–22ರಲ್ಲಿ ನಾಲ್ಕು ವರ್ಷಗಳ ಪದವಿ ವ್ಯವಸ್ಥೆ ಬಂದಿತು. 2024–25ರಲ್ಲಿ ಮೂರು ವರ್ಷಗಳ ಪದವಿಯು ಮರಳಿತು. ಇಂತಹ ಸಂಗತಿಗಳನ್ನು ತಿಳಿಸಿಹೇಳುವ ಓದುಬಲ್ಲ ಹಿರಿಯರು ಎಷ್ಟೋ ಮನೆಗಳಲ್ಲಿ ಇರುವುದಿಲ್ಲ.

ನಾಲ್ಕನೆಯದು ಸಹವಾಸದ ಪಾಠ. ಸೆಂಟ್ರಲ್ ಕಾಲೇಜಿನಲ್ಲಿ ಎ.ಆರ್. ಕೃಷ್ಣಶಾಸ್ತ್ರಿಗಳು ಕಟ್ಟಿ ಬೆಳೆಸಿದ ಕರ್ನಾಟಕ ಸಂಘದಿಂದ 'ಪ್ರಬುದ್ಧ ಕರ್ನಾಟಕ' ಪತ್ರಿಕೆಯು ಹುಟ್ಟಿತು. ತರಗತಿಯ ಹೊರಗೆ ನಾಲ್ವರು ಕೂಡಿ ಓದುವ, ಬರೆಯುವ, ಚರ್ಚಿಸುವ ಅಭ್ಯಾಸದಿಂದ ನಾಡಿಗೇ ಉಪಕಾರವಾಗಬಲ್ಲದೆಂಬುದಕ್ಕೆ ಇದು ಸಾಕ್ಷಿ. ಒಂಟಿಯಾಗಿ ಹೆದರುವವನಿಗೆ ಜೊತೆಗೂಡಿ ಓದುವುದೇ ಧೈರ್ಯ.

ಇನ್ನು ಹಿರಿಯರ ಹೊಣೆ. ಮೊದಲ ವರ್ಷದಲ್ಲಿ ಅನುತ್ತೀರ್ಣನಾದ ಮಗನು ಊರಿಗೆ ಮರಳಿದರೆ 'ಅವನ ತಲೆಗೆ ವಿದ್ಯೆ ಹತ್ತಲಿಲ್ಲ' ಎಂಬ ಒಂದೇ ಮಾತಿನಲ್ಲಿ ತೀರ್ಪು ಮುಗಿಯುತ್ತದೆ. ಮಗಳಾದರೆ ಮದುವೆಯ ಮಾತು ಮೊದಲಾಗುತ್ತದೆ. ಮತ್ತೊಂದು ಅವಕಾಶವನ್ನು ಯಾರೂ ಕೊಡುವುದಿಲ್ಲ. ಆದುದರಿಂದ ಪ್ರೌಢಶಾಲೆಯ ಉಪಾಧ್ಯಾಯರು ಕೊನೆಯ ವರ್ಷದಲ್ಲಿಯೇ ಪಾರಿಭಾಷಿಕ ಪದಗಳನ್ನು ಎರಡೂ ಭಾಷೆಗಳಲ್ಲಿ ಪರಿಚಯಿಸಬೇಕು. ಹಳೆಯ ವಿದ್ಯಾರ್ಥಿಗಳಲ್ಲಿ ಒಬ್ಬೊಬ್ಬರು ಹೊಸದಾಗಿ ಕಾಲೇಜು ಸೇರಿದ ಒಬ್ಬೊಬ್ಬರನ್ನು ವರ್ಷಪೂರ್ತಿ ವಿಚಾರಿಸಿಕೊಳ್ಳಬೇಕು. ಗುಬ್ಬಿ ತೋಟದಪ್ಪನವರು (1838–1910) ಬೆಂಗಳೂರಿನ ರೈಲು ನಿಲ್ದಾಣದ ಸಮೀಪದಲ್ಲಿ ಛತ್ರವನ್ನು ಕಟ್ಟಿಸಿ, ವಿದ್ಯಾರ್ಥಿಗಳಿಗೆ ಉಚಿತ ವಸತಿಯನ್ನು ಕಲ್ಪಿಸಿದುದು ದಾನಿಗಳಿಗೆ ಮೇಲ್ಪಂಕ್ತಿ. ಪ್ರವೇಶದ ದಿನ ಶುಲ್ಕಕ್ಕೆ ನೆರವಾಗುವವರು ಹಲವರುಂಟು. ನಡುವರ್ಷದಲ್ಲಿ ಬಸ್ಸಿನ ಪಾಸಿಗೆ, ಪರೀಕ್ಷಾ ಶುಲ್ಕಕ್ಕೆ, ಒಂದು ಪುಸ್ತಕಕ್ಕೆ ಹಣವಿಲ್ಲದೆ ಓದು ನಿಲ್ಲುವುದನ್ನು ಗಮನಿಸುವವರು ವಿರಳ. ಅಲ್ಲಿ ಸಲ್ಲುವ ಸಣ್ಣ ಮೊತ್ತವೇ ದೊಡ್ಡ ದಾನ.

ವಿದ್ಯೆಯನ್ನು ಬೇಡುವುದರಲ್ಲಿ ನಾಚಿಕೆಯಿಲ್ಲವೆಂಬುದನ್ನು ವಿದ್ಯಾರ್ಥಿಯು ಮೊದಲ ವರ್ಷದಲ್ಲಿ ಕಲಿಯಬೇಕು. ಬೇಡಲು ಬಾಯಿ ಬಾರದೆ ನಿಂತವನನ್ನು ಗುರುತಿಸುವುದನ್ನು ಹಿರಿಯರು ಕಲಿಯಬೇಕು. ಈ ಎರಡು ಪಾಠಗಳು ಕೂಡಿದಲ್ಲಿ ಕುಂದಾಣದಂತಹ ಊರುಗಳ ಮಕ್ಕಳು ಎರಡನೆಯ ವರ್ಷದ ಹೊಸ್ತಿಲನ್ನು ತಲೆಯೆತ್ತಿ ದಾಟಬಲ್ಲರು.