ದುಬೈಯಲ್ಲಿ ದುಡಿಮೆಗೆ ಮುನ್ನ

ಗಂಡನ ಇಲ್ಲವೇ ಹೆಂಡತಿಯ ಕೆಲಸಕ್ಕಾಗಿ ದುಬೈಗೆ ಬಂದು ಮನೆಯಲ್ಲೇ ಇದ್ದೀರಾ? ದುಡಿಯಲು ದಾರಿಗಳಿವೆ, ಆದರೆ ಪ್ರತಿಯೊಂದಕ್ಕೂ ಪರವಾನಗಿ ಬೇಕು. ಪಕ್ಕದ ಮನೆಯ ಮಕ್ಕಳಿಗೆ ದುಡ್ಡು ತೆಗೆದುಕೊಂಡು ಗಣಿತ ಹೇಳಿಕೊಡುವುದಕ್ಕೂ! ಈ ಖಾಸಗಿ ಪಾಠದ ಪರವಾನಗಿಯನ್ನು ಯುಎಇ ಸರ್ಕಾರ 2023ರ ಡಿಸೆಂಬರಿನಲ್ಲಿ ಜಾರಿಗೆ ತಂದಿತು. ಅದಕ್ಕೆ ಶುಲ್ಕವಿಲ್ಲ, ಅವಧಿ ಎರಡು ವರ್ಷ. ಶಿಕ್ಷಕರಷ್ಟೇ ಅಲ್ಲ, ಕೆಲಸವಿಲ್ಲದವರೂ ಅರ್ಜಿ ಹಾಕಬಹುದು. ಅನುವಾದ, ವಿನ್ಯಾಸ ಬಲ್ಲವರಿಗೆ ಫ್ರೀಲಾನ್ಸ್ ಪರವಾನಗಿ ಇದೆ.

ಕಂಪನಿ ಕೆಲಸ ಸಿಕ್ಕಿತೆನ್ನಿ, ನೇಮಕಾತಿಯ ಖರ್ಚು ಕಾನೂನಿನ ಪ್ರಕಾರ ಮಾಲೀಕರದು. ನಿಮ್ಮನ್ನು ಕೇಳಿದರೆ ಕೊಡಬೇಡಿ. ವಿಸಿಟ್ ವೀಸಾದಲ್ಲಿ ಇರುವವರು "ಮೊದಲು ಕೆಲಸ ಶುರುಮಾಡಿ, ಕಾಗದಪತ್ರ ಆಮೇಲೆ" ಎಂಬ ಮಾತಿಗೆ ಮರುಳಾಗಲೇಬಾರದು. ಸಂಬಳ ಬಾರದಿದ್ದರೆ ದೂರು ಕೊಡುವುದೂ ಕಷ್ಟ, ಸಿಕ್ಕಿಬಿದ್ದರೆ ಗಡೀಪಾರಿನ ಭಯ ಬೇರೆ.