ನಂಜನಗೂಡಿನ ಬಾಲಿಕೆ: ರಾಜೇಶ್ವರಿ ಚಟರ್ಜಿಯವರ ಜನನವೂ ಬಾಲ್ಯವೂ



ಮಹನೀಯರ ಚರಿತ್ರೆಯನ್ನು ಓದುವಾಗ ನಾವು ಅವರ ಪದವಿಗಳನ್ನೂ ಬಿರುದುಗಳನ್ನೂ ಮೊದಲು ನೋಡುತ್ತೇವೆ. ಅವರು ಎಂಟು ಹತ್ತು ವರ್ಷದವರಾಗಿದ್ದಾಗ ಯಾರು ಕೈ ಹಿಡಿದು ನಡೆಸಿದರೆಂಬದನ್ನು ಕೇಳುವದಿಲ್ಲ. ಫಲವನ್ನು ಹೊಗಳಿ ಬೇರನ್ನು ಮರೆಯುವದು ನಮ್ಮ ರೂಢಿಯಾಗಿದೆ. ಆದದರಿಂದ ಈ ಪಾಠದಲ್ಲಿ ನಾವು ಕರ್ನಾಟಕದ ಮೊದಲ ಸ್ತ್ರೀ ಇಂಜಿನಿಯರೆಂದು ಹೆಸರಾದ ರಾಜೇಶ್ವರಿ ಚಟರ್ಜಿಯವರ ಬಾಲ್ಯವನ್ನು ವಿಚಾರಿಸೋಣ.

ಮೈಸೂರಿನ ದಕ್ಷಿಣಕ್ಕೆ ನಂಜನಗೂಡೆಂಬ ಊರುಂಟು. ನಮ್ಮ ಸೀಮೆಗೆ ತುಂಗಭದ್ರೆಯು ಹೇಗೋ ಆ ಊರಿಗೆ ಕಪಿಲಾ ನದಿಯು ಹಾಗೆ. ಅಲ್ಲಿ ವಕೀಲರಾಗಿದ್ದ ಶಿವರಾಮಯ್ಯನವರ ಮನೆಯಲ್ಲಿ 1922ನೆಯ ಇಸವಿ ಜನವರಿ 24ರಂದು ರಾಜೇಶ್ವರಿಯವರು ಜನಿಸಿದರು. ಆ ಕಾಲದಲ್ಲಿ ನಮ್ಮ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳು ಹೈದರಾಬಾದಿನ ನಿಜಾಮರ ಸಂಸ್ಥಾನಕ್ಕೆ ಸೇರಿದ್ದವು. ನಂಜನಗೂಡು ಮೈಸೂರು ಅರಸರ ಸಂಸ್ಥಾನದಲ್ಲಿದ್ದಿತು. ರಾಜ್ಯಗಳು ಬೇರೆಯಾದರೂ ಒಂದು ಮಾತು ಎರಡೂ ಕಡೆ ಒಂದೇ ಆಗಿದ್ದಿತು: ಹೆಣ್ಣುಮಗುವಿಗೆ ಓದು ಅವಶ್ಯವೆಂದು ಎಣಿಸುವ ಮನೆಗಳು ವಿರಳವಾಗಿದ್ದವು.

ರಾಜೇಶ್ವರಿಯವರ ಭಾಗ್ಯವೇನೆಂದರೆ, ಅವರ ಮನೆಯಲ್ಲಿ ಒಬ್ಬ ಅಜ್ಜಿಯಿದ್ದರು. ಅವರ ಹೆಸರು ಕಮಲಮ್ಮ ದಾಸಪ್ಪ. ಮೈಸೂರು ಸಂಸ್ಥಾನದಲ್ಲಿ ಮೊದಮೊದಲು ಪದವಿ ಪಡೆದ ಸ್ತ್ರೀಯರಲ್ಲಿ ಅವರೊಬ್ಬರು. ತಾವು ಕಲಿತ ಮೇಲೆ ಸುಮ್ಮನೆ ಕೂಡ್ರದೆ, ವಿಧವೆಯರಿಗೂ ಗಂಡನಿಂದ ತ್ಯಜಿಸಲ್ಪಟ್ಟವರಿಗೂ ವಿದ್ಯೆ ಕೊಡಿಸುವದಕ್ಕಾಗಿ ಶ್ರಮಪಟ್ಟರು. ಓದು ಅರ್ಧಕ್ಕೆ ನಿಂತವರು ಸ್ವಲ್ಪ ಕಾಲದಲ್ಲಿಯೇ ಪಾಠಗಳನ್ನು ಮುಗಿಸಿ ಪರೀಕ್ಷೆಗೆ ಕೂಡ್ರಬಹುದಾದ ವಿಶೇಷ ಕ್ರಮವೊಂದನ್ನು ಅವರು ಯೋಚಿಸಿದರು. ಅಂಥ ಅಜ್ಜಿ ಸ್ಥಾಪಿಸಿದ ಶಾಲೆಯಲ್ಲಿಯೇ ಮೊಮ್ಮಗಳ ಪ್ರಾಥಮಿಕ ವಿದ್ಯಾಭ್ಯಾಸವು ನಡೆಯಿತು. ಎಷ್ಟೋ ಬಾಲಿಕೆಯರು ಕಣ್ಣೀರಿಟ್ಟು ಬೇಡಿಕೊಂಡರೂ ಸಿಕ್ಕದ ಶಾಲೆಯ ಬಾಗಿಲು ಈ ಬಾಲಿಕೆಗೆ ತೆರೆದೇ ಇದ್ದಿತು.

ಪ್ರೌಢಶಾಲೆಯ ಓದು ತೀರಿದಾಗ ಅವರ ಮುಂದೆ ಎರಡು ದಾರಿಗಳಿದ್ದವು. ಚರಿತ್ರೆಯೆಂದರೆ ಅವರಿಗೆ ಬಹು ಪ್ರೀತಿ. ಅದನ್ನೇ ಮುಂದೆ ಓದಬೇಕೆಂಬ ಆಶೆಯೂ ಇದ್ದಿತು. ಆದರೂ ಕೊನೆಗೆ ವಿಜ್ಞಾನವನ್ನೂ ಗಣಿತವನ್ನೂ ಆರಿಸಿಕೊಂಡರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತವನ್ನು ಓದಿ, ಮೈಸೂರು ವಿಶ್ವವಿದ್ಯಾನಿಲಯದ ಎಂ.ಎಸ್‌ಸಿ. ಪರೀಕ್ಷೆಯಲ್ಲಿ ಮೊದಲನೆಯವರಾದರು. ಗಣಿತವು ಗಂಡುಮಕ್ಕಳ ವಿದ್ಯೆಯೆಂದು ಈಗಲೂ ಅಂಜುವ ನಮ್ಮ ಮಕ್ಕಳು ಇದನ್ನು ನೆನಪಿಡತಕ್ಕದ್ದು.

1943ರಲ್ಲಿ, ತಮ್ಮ ಇಪ್ಪತ್ತೊಂದನೆಯ ವಯಸ್ಸಿನಲ್ಲಿ, ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಸೇರಿದರು. ಇದು ಎಂಥ ಧೈರ್ಯದ ಕಾರ್ಯವೆಂಬದನ್ನು ತಿಳಿಯಬೇಕಾದರೆ ಹತ್ತು ವರ್ಷ ಹಿಂದಕ್ಕೆ ಹೋಗಬೇಕು. 1933ರಲ್ಲಿ ಕಮಲಾ ಭಾಗವತರೆಂಬ ತರುಣಿಯು ಅದೇ ಸಂಸ್ಥೆಯ ಬಾಗಿಲಿಗೆ ಬಂದಾಗ, ಸ್ತ್ರೀಯೆಂಬ ಕಾರಣದಿಂದ ನಿರ್ದೇಶಕರಾದ ಸರ್ ಸಿ. ವಿ. ರಾಮನ್‌ರು ಮೊದಲು ಒಪ್ಪಲಿಲ್ಲ. ಆಕೆಯು ಹಟ ಬಿಡದಿದ್ದುದರಿಂದ ಒಂದು ವರ್ಷದ ಪರೀಕ್ಷಾವಧಿಯ ಮೇಲೆ ಸೇರಿಸಿಕೊಂಡರು. ಒಬ್ಬಾಕೆ ತಟ್ಟಿ ತೆರೆಸಿದ ಬಾಗಿಲಲ್ಲಿ ಮತ್ತೊಬ್ಬಾಕೆ ಒಳಹೊಕ್ಕಳು.

ತರುವಾಯ ಸರಕಾರದ ವಿದ್ಯಾರ್ಥಿವೇತನ ಪಡೆದು, 1947ರಲ್ಲಿ ಅವರು ಅಮೇರಿಕೆಯ ಮಿಶಿಗನ್ ವಿಶ್ವವಿದ್ಯಾನಿಲಯಕ್ಕೆ ತೆರಳಿದರು. 1953ರಲ್ಲಿ ಡಾಕ್ಟರ್ ಪದವಿಯೊಡನೆ ಬೆಂಗಳೂರಿಗೆ ಮರಳಿ, ತಾವು ಮೊದಲು ಸೇರಿದ್ದ ಸಂಸ್ಥೆಯಲ್ಲಿಯೇ ಅಧ್ಯಾಪಕಿಯಾದರು. ಅದೇ ವರ್ಷ ಅಲ್ಲಿಯ ಅಧ್ಯಾಪಕರಾದ ಶಿಶಿರಕುಮಾರ ಚಟರ್ಜಿಯವರನ್ನು ವಿವಾಹವಾದರು. 1982ರಲ್ಲಿ ನಿವೃತ್ತರಾಗುವವರೆಗೆ 20 ಮಂದಿ ಶಿಷ್ಯರು ಅವರ ಕೈಕೆಳಗೆ ಡಾಕ್ಟರ್ ಪದವಿಯನ್ನು ಪಡೆದರು. 2010ರ ಸೆಪ್ಟೆಂಬರಿನಲ್ಲಿ ಅವರು ನಿಧನರಾದರು.

ಅವರು ಅಭ್ಯಸಿಸಿದ ವಿಷಯವು ಸೂಕ್ಷ್ಮ ತರಂಗಗಳು, ಎಂದರೆ ಮೈಕ್ರೋವೇವ್‌ಗಳು, ಮತ್ತು ಅವನ್ನು ಕಳುಹಿಸಿ ಹಿಡಿಯುವ ಆಂಟೆನಾಗಳು. ರೇಡಿಯೋ ಅಲೆಗಳು ಬೆಳಕಿನ ವೇಗದಿಂದಲೇ, ಎಂದರೆ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರಿನಂತೆ, ಓಡುತ್ತವೆ. ಅಲೆಯೊಂದು ಸೆಕೆಂಡಿಗೆ 300 ಕೋಟಿ ಸಾರಿ ಕಂಪಿಸಿದರೆ, ವೇಗವನ್ನು ಆ ಸಂಖ್ಯೆಯಿಂದ ಭಾಗಿಸಲಾಗಿ ಅಲೆಯ ಉದ್ದವು 10 ಸೆಂಟಿಮೀಟರ್ ಎಂದು ತಿಳಿಯುತ್ತದೆ. ಇಷ್ಟು ಗಿಡ್ಡ ಅಲೆಗಳನ್ನು ಚಿಕ್ಕ ಆಂಟೆನಾದಿಂದಲೇ ಒಂದು ದಿಕ್ಕಿಗೆ ಸರಿಯಾಗಿ ಗುರಿಯಿಡಬಹುದು. ವಿಮಾನವನ್ನು ದೂರದಿಂದ ಪತ್ತೆಹಚ್ಚುವ ರಾಡಾರ್ ಇವನ್ನೇ ಬಳಸುತ್ತದೆ. ನಮ್ಮ ಮೊಬೈಲ್ ಫೋನಿನ ಮಾತೂ ಇಂಥ ಅಲೆಗಳ ಮೇಲೆಯೇ ಸಾಗುತ್ತದೆ.

ಈಗ ಯೋಚಿಸಿರಿ. ನಂಜನಗೂಡಿನ ಆ ಬಾಲಿಕೆಯನ್ನು ಹನ್ನೆರಡನೆಯ ವರ್ಷದಲ್ಲಿ ಶಾಲೆ ಬಿಡಿಸಿದ್ದರೆ, ಆಕೆಯಲ್ಲಿದ್ದ ಬುದ್ಧಿಯು ಕಡಿಮೆಯಾಗುತ್ತಿರಲಿಲ್ಲ. ಆದರೆ ಅದು ಇದ್ದದ್ದು ಯಾರಿಗೂ, ಬಹುಶಃ ಆಕೆಗೂ, ತಿಳಿಯುತ್ತಿರಲಿಲ್ಲ. ನಮ್ಮ ತಾಲೂಕುಗಳ ಯಾವದೋ ಹಳ್ಳಿಯಲ್ಲಿ ಏಳನೆಯ ತರಗತಿ ಮುಗಿಸಿದ ಜಾಣ ಹುಡುಗಿಗೆ ಹೈಸ್ಕೂಲು ಎರಡು ಹರದಾರಿ ದೂರವೆಂದೋ, ಕಳೆ ತೆಗೆಯಲು ಆಳು ಸಾಲದೆಂದೋ, ಒಳ್ಳೆಯ ವರ ಬಂದನೆಂದೋ ಓದು ನಿಂತರೆ, ಅಲ್ಲಿ ನಾವು ಯಾರನ್ನು ಕಳೆದುಕೊಂಡೆವೆಂದು ಹೇಳಬಲ್ಲವರಾರು? 18 ವರ್ಷ ತುಂಬದವಳ ಮದುವೆಯನ್ನು ಕಾನೂನು ತಡೆಯುತ್ತದೆ. ಆದರೆ ಆಕೆಯ ಕೈಗೆ ಪುಸ್ತಕ ಕೊಡತಕ್ಕವರು ಮನೆಯವರೇ. ತಾಯಂದಿರೇ, ಅಜ್ಜಿಯರೇ, ಕಮಲಮ್ಮನವರ ಪದವಿಯು ನಿಮಗಿಲ್ಲದಿರಬಹುದು; ಅವರ ಮನಸ್ಸನ್ನು ಹೊಂದಲು ಪದವಿ ಬೇಕಿಲ್ಲ.

ವಿದ್ಯಾರ್ಥಿನಿಯರೇ, ನಿಮಗೆ ಎರಡು ಪ್ರಶ್ನೆಗಳನ್ನು ಕೊಟ್ಟು ಈ ಪಾಠವನ್ನು ಮುಗಿಸುತ್ತೇವೆ. ಸೆಕೆಂಡಿಗೆ 600 ಕೋಟಿ ಸಾರಿ ಕಂಪಿಸುವ ಅಲೆಯ ಉದ್ದವೆಷ್ಟು? ನಿಮ್ಮ ಓಣಿಯಲ್ಲಿ ಶಾಲೆ ಬಿಟ್ಟ ಹುಡುಗಿಯರು ಎಷ್ಟು? ಮೊದಲನೆಯದಕ್ಕೆ ಉತ್ತರ ಕಂಡವರು ಎರಡನೆಯದನ್ನು ಮರೆಯಬಾರದು.