ಮೊದಲು ನಲ್ಲಿಗೆ, ಆಮೇಲೆ ಪಕ್ಕದ ಮನೆಗೆ

ಪಕ್ಕದ ಮನೆಯ ನಾಯಿ ಮಗುವಿಗೆ ಬಾಯಿ ಹಾಕಿತು ಎಂದ ಕೂಡಲೇ ನಮ್ಮ ಊರುಗಳಲ್ಲಿ ಮೊದಲು ಶುರುವಾಗುವುದು ಜಗಳ. ಅಪ್ಪ ನಾಯಿ ಸಾಕಿದವರ ಬಾಗಿಲಿಗೆ ಹೋಗಿ ನಿಲ್ಲುತ್ತಾನೆ, ಬೀದಿಯವರು ಸೇರುತ್ತಾರೆ, ಹಳೆಯ ಬೇಲಿ ತಕರಾರು, ಚರಂಡಿ ನೀರಿನ ತಕರಾರು ಎಲ್ಲವೂ ಮೇಲೆ ಬರುತ್ತವೆ. ಅಷ್ಟು ಹೊತ್ತೂ ಮಗು ಜಗುಲಿಯ ಮೇಲೆ ಕಾಲು ಹಿಡಿದುಕೊಂಡು ಅಳುತ್ತಾ ಕೂತಿರುತ್ತದೆ. ಗಾಯ ತೊಳೆಯಬೇಕಾದ ಹೊತ್ತು ಅದೇ.

ಚಂದಕವಾಡಿ ಹೋಬಳಿಯ ಊರುಗಳಲ್ಲಿ, ಗುಂಡ್ಲುಪೇಟೆ ಕಡೆಯ ತೋಟದ ಮನೆಗಳಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ತಂದೆ ತಾಯಂದಿರಿಗೆ ನಾನು ಮುಖ್ಯವಾಗಿ ಹೇಳಬೇಕಾದದ್ದು ಇಷ್ಟೇ: ನೆರೆಯವರ ಜೊತೆಗಿನ ಮಾತು ವಾರ ಹಿಡಿಯಲಿ, ತಿಂಗಳು ಹಿಡಿಯಲಿ, ಅದಕ್ಕೆ ಸಮಯವಿದೆ. ಗಾಯಕ್ಕೆ ಇಲ್ಲ. ಒಂದರ ಸಿಟ್ಟನ್ನು ಇನ್ನೊಂದರೊಳಗೆ ಬೆರೆಸಬೇಡಿ.

ಕಚ್ಚುವ ಮುಂಚಿನ ಮಾತಿನಿಂದಲೇ ಶುರು ಮಾಡೋಣ. ಈ ಭಾಗದಲ್ಲಿ ನಾಯಿಯನ್ನು ಬಿಟ್ಟು ಸಾಕುವುದಕ್ಕೆ ಕಾರಣಗಳಿವೆ. ಒಂದು ಕಡೆ ಬಿಳಿಗಿರಿರಂಗನ ಬೆಟ್ಟ, ಇನ್ನೊಂದು ಕಡೆ ಬಂಡೀಪುರ. ಹೊಲಕ್ಕೆ ಹಂದಿ ಕಾಟ, ಕೊಟ್ಟಿಗೆಗೆ ಚಿರತೆ ಭಯ. ಕುರಿ, ದನ ಇರುವ ಮನೆಯವರು ರಾತ್ರಿ ನಾಯಿ ಬಿಚ್ಚಿ ಮಲಗುತ್ತಾರೆ. ಅದನ್ನು ತಪ್ಪು ಎನ್ನಲಾಗದು. ಚಿರತೆಗೆ ನಾಯಿಯೇ ಇಷ್ಟದ ಬೇಟೆ, ಬಿಚ್ಚಿದ ನಾಯಿಯ ಜಾಡು ಹಿಡಿದೇ ಅದು ಮನೆಯ ಹತ್ತಿರ ಬರಬಹುದು ಎಂಬುದನ್ನು ಮಾತ್ರ ನೆನಪಿಸಬಹುದು. ತೊಂದರೆ ಇರುವುದು ಬೆಳಗ್ಗೆ. ಹಾಲು ಕರೆದು ಡೇರಿಗೆ ಹಾಕುವ ಗಡಿಬಿಡಿಯಲ್ಲಿ ನಾಯಿ ಕಟ್ಟುವುದು ಮರೆತುಹೋಗುತ್ತದೆ. ಮಕ್ಕಳು ಬ್ಯಾಗ್ ಹಾಕಿಕೊಂಡು ಶಾಲೆಗೆ ಹೊರಡುವುದೂ ಆ ಹೊತ್ತಿಗೇ.

ನಾಯಿಗೆ ಸರ್ವೆ ನಂಬರಿನ ಗಡಿ ಗೊತ್ತಿಲ್ಲ. ತಾನು ಮಲಗುವ ಜಾಗ, ತಿನ್ನುವ ಜಾಗ, ಅವುಗಳ ಮುಂದಿನ ದಾರಿ, ಎಲ್ಲವೂ ಅದರ ಲೆಕ್ಕದಲ್ಲಿ ತನ್ನದೇ. ಆದ್ದರಿಂದ ಆಕ್ರಮಣಕಾರಿ ನಾಯಿ ಎಂದು ಒಂದೇ ಮಾತಿನಲ್ಲಿ ಹೇಳುವ ಬದಲು ಎರಡು ಮೂರು ದಿನ ನೋಡಿ. ಯಾವ ಹೊತ್ತಿನಲ್ಲಿ ಮೈಮೇಲೆ ಬರುತ್ತದೆ? ಗೇಟಿನ ಮುಂದೆ ಮಾತ್ರವೋ, ಬೀದಿಯ ಕೊನೆಯವರೆಗೂ ಅಟ್ಟುತ್ತದೋ? ಓಡುವವರನ್ನು, ಸೈಕಲ್‌ನವರನ್ನು ಮಾತ್ರವೋ, ಸುಮ್ಮನೆ ನಡೆದು ಹೋಗುವವರನ್ನೂ ಬಿಡುವುದಿಲ್ಲವೋ? ಮರಿ ಹಾಕಿದ ಹೆಣ್ಣು ನಾಯಿಯಾದರೆ ಅದರ ಸಿಟ್ಟು ಕೆಲವು ವಾರಗಳದ್ದು. ಹಗಲೆಲ್ಲ ಗಿಡ್ಡ ಸರಪಳಿಯಲ್ಲಿ ಕಟ್ಟಿ ಸಂಜೆ ಬಿಚ್ಚುವ ನಾಯಿ ಬೇರೆಯೇ ವಿಷಯ. ಅಮೆರಿಕದ ಡೆನ್ವರ್‌ನಲ್ಲಿ ನಡೆದು 1994ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಕಚ್ಚದ ನಾಯಿಗಳಿಗಿಂತ ಕಚ್ಚಿದ ನಾಯಿಗಳಲ್ಲಿ ಅಂಗಳದಲ್ಲಿ ಕಟ್ಟಿಹಾಕಿ ಸಾಕಿದವು ಹೆಚ್ಚಾಗಿದ್ದವು. ಸದಾ ಕಟ್ಟಿದ ನಾಯಿ ಸಾಧುವಾಗುವುದಿಲ್ಲ, ಅದರ ಸಿಡುಕು ಏರುತ್ತಲೇ ಹೋಗುತ್ತದೆ.

ಬೊಗಳುವ ನಾಯಿ ಕಚ್ಚುವುದಿಲ್ಲ ಎಂಬ ಗಾದೆಯನ್ನು ಮಕ್ಕಳಿಗೆ ಹೇಳಬೇಡಿ. ಬೊಗಳುವ ನಾಯಿಯೂ ಕಚ್ಚುತ್ತದೆ, ಬೊಗಳದೆ ಹಿಂದಿನಿಂದ ಬಂದು ಹಿಡಿಯುವ ನಾಯಿಯೂ ಇದೆ. ಬಾಲ ಅಲ್ಲಾಡಿಸಿದರೆ ಸ್ನೇಹ ಎಂಬುದೂ ಅರ್ಧ ಸತ್ಯ. ಮೈಯೆಲ್ಲ ಸಡಿಲ ಬಿಟ್ಟು ಬಾಲ ಬೀಸುವ ನಾಯಿ ಬೇರೆ. ಮೈ ಬಿಗಿಹಿಡಿದು, ಬಾಲ ಮೇಲೆತ್ತಿ ತುದಿಯನ್ನಷ್ಟೇ ಅಲುಗಿಸುತ್ತಾ, ಕಣ್ಣು ಕೀಳದೆ ನೋಡುವ ನಾಯಿ ಬೇರೆ. ಎರಡನೆಯದನ್ನು ಕಂಡರೆ ದಾರಿ ಬದಲಿಸಬೇಕು. ದೂರದಲ್ಲಿ ನಿಂತು ಮಗುವಿಗೆ ಇವೆರಡನ್ನೂ ತೋರಿಸಿ. ಎಂಟು ಹತ್ತು ವರ್ಷದ ಮಗುವಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ.

ನಾಯಿ ಮೈಮೇಲೆ ಬಂದೇ ಬಿಟ್ಟರೆ? ಓಡಬಾರದು ಎಂದು ಹೇಳಿದರೆ ಸಾಲದು, ಏನು ಮಾಡಬೇಕೆಂದು ಅಂಗಳದಲ್ಲಿ ನಿಲ್ಲಿಸಿ ಅಭ್ಯಾಸ ಮಾಡಿಸಬೇಕು. ಮರದ ಹಾಗೆ ನಿಲ್ಲು, ಕೈ ಮೈಗೆ ಒತ್ತಿಕೋ, ನೆಲ ನೋಡು, ಕಿರುಚಬೇಡ, ಅದು ಮೂಸಿ ಹೋಗುವವರೆಗೂ ಅಲುಗಾಡಬೇಡ. ಬ್ಯಾಗ್ ಇದ್ದರೆ ಮುಂದಕ್ಕೆ ಹಿಡಿ. ಸೈಕಲ್ ಇದ್ದರೆ ಇಳಿ, ನಿನಗೂ ನಾಯಿಗೂ ನಡುವೆ ಸೈಕಲ್ ಇಟ್ಟುಕೊಂಡು ನಿಧಾನವಾಗಿ ಹಿಂದೆ ಸರಿ. ಕೆಡವಿದರೆ ಬೋರಲಾಗಿ ಮುದುರಿಕೊಂಡು ಕತ್ತು, ಕಿವಿಗಳನ್ನು ಕೈಯಿಂದ ಮುಚ್ಚಿಕೋ. ಚಿಕ್ಕ ಮಕ್ಕಳ ಮುಖ ನಾಯಿಯ ಬಾಯಿಯ ಎತ್ತರಕ್ಕೇ ಇರುತ್ತದೆ, ದೊಡ್ಡವರಿಗೆ ಮೊಣಕಾಲಿಗೆ ಆಗುವ ಗಾಯ ಮಕ್ಕಳಿಗೆ ಕೆನ್ನೆಗೆ, ತಲೆಗೆ ಆಗುತ್ತದೆ. ಆರು ವರ್ಷದೊಳಗಿನ ಮಗುವಿಗೆ ಈ ಪಾಠ ನೆನಪಿರುತ್ತದೆಂದು ನಂಬಿ ಒಂಟಿಯಾಗಿ ಕಳಿಸಬೇಡಿ.

ಇನ್ನು ನೆರೆಯವರು. ನಮ್ಮ ಬೀದಿಗಳಲ್ಲಿ ನೆರೆಯವರೆಂದರೆ ಬರೀ ನೆರೆಯವರಲ್ಲ. ಮಾವನೋ, ದೊಡ್ಡಪ್ಪನೋ ಆಗಬೇಕು, ಹಬ್ಬದಲ್ಲಿ, ಸಾವಿನಲ್ಲಿ ಒಟ್ಟಿಗೆ ನಿಲ್ಲಬೇಕು. ಅದಕ್ಕೇ ಹಲವು ತಾಯಂದಿರು ಹೇಳಲಾರದೆ ಸುಮ್ಮನಿರುತ್ತಾರೆ. ಹೇಳಿದರೂ ಬರುವ ಉತ್ತರ ಗೊತ್ತಿದ್ದದ್ದೇ: “ಏನೂ ಮಾಡದಿಲ್ಲ ಕನವ್ವ, ಸುಮ್ನ ಬೊಗುಳ್ತದ.” ಅವರು ಸುಳ್ಳು ಹೇಳುತ್ತಿಲ್ಲ. ತಾವಿರುವಾಗ ಆ ನಾಯಿ ಸಾಧುವೇ, ತಾವಿಲ್ಲದಾಗ ಅದು ಹೇಗಿರುತ್ತದೆಂದು ಅವರು ಕಂಡಿಲ್ಲ. ಆದ್ದರಿಂದ ನಾಯಿಯ ಗುಣದ ಬಗ್ಗೆ ವಾದಕ್ಕೆ ಇಳಿಯದೆ ಒಂದೇ ಒಂದು ಸಣ್ಣ ಕೆಲಸ ಕೇಳಿ. “ಮಾವ, ಮಕ್ಳು ಸ್ಕೂಲ್ಗ ಹೋಗಗಂಟ ಕಟ್ಟಾಕಿ, ಆಮೇಲ ಬುಡಿ.” ನಾಯಿ ಕಳಿಸಿಬಿಡಿ ಎಂದರೆ ಯಾರೂ ಒಪ್ಪುವುದಿಲ್ಲ. ಬೆಳಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಕಟ್ಟಿ ಎಂದರೆ ಒಪ್ಪುತ್ತಾರೆ. ಸಿಟ್ಟು ಇಳಿದ ಮೇಲೆ ಹೋಗಿ, ಮಗುವನ್ನು ಕರೆದುಕೊಂಡು ಹೋಗಬೇಡಿ, ಬೀದಿಯಲ್ಲಿ ನಿಂತು ಕೂಗಿ ಹೇಳಬೇಡಿ.

ಅದೇ ಮಾತಿನಲ್ಲಿ ಲಸಿಕೆಯ ಬಗ್ಗೆಯೂ ಕೇಳಿ. ಮೂರು ತಿಂಗಳು ತುಂಬಿದ ಮರಿಗೆ ರೇಬೀಸ್ ಲಸಿಕೆ ಹಾಕಿಸಿ, ಆಮೇಲೆ ವರ್ಷಕ್ಕೊಮ್ಮೆ ಹಾಕಿಸಬೇಕು. ಸೆಪ್ಟೆಂಬರ್ 28 ವಿಶ್ವ ರೇಬೀಸ್ ದಿನ. ಅದರ ಆಸುಪಾಸಿನಲ್ಲಿ ಪಶುಪಾಲನಾ ಇಲಾಖೆ ಉಚಿತವಾಗಿ ಲಸಿಕೆ ಹಾಕುವುದುಂಟು. ನಿಮ್ಮ ಹಸುವನ್ನು ಪಶು ಆಸ್ಪತ್ರೆಗೆ ಒಯ್ಯುವ ದಿನ ಅವರ ನಾಯಿಯನ್ನೂ ಒಟ್ಟಿಗೆ ಕರೆದೊಯ್ಯೋಣ ಎಂದು ಕೇಳಿ ನೋಡಿ, ಹತ್ತು ಜಗಳ ಮಾಡದ ಕೆಲಸವನ್ನು ಆ ಒಂದು ಮಾತು ಮಾಡೀತು.

ಒಪ್ಪದವರೂ ಇರುತ್ತಾರೆ. ಆಗ ಬೀದಿಯ ಯಜಮಾನರಿಗೆ ಹೇಳಿ, ಅಲ್ಲಿಯೂ ಬಗೆಹರಿಯದಿದ್ದರೆ ಗ್ರಾಮ ಪಂಚಾಯಿತಿಯ ಪಿಡಿಒಗೆ ಬರವಣಿಗೆಯಲ್ಲಿ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಯಾವ ದಿನ, ಎಷ್ಟು ಹೊತ್ತಿಗೆ, ಯಾರ ಮೇಲೆ ಬಂತು ಎಂದು ಅದರಲ್ಲಿ ಬರೆಯಿರಿ. ಕಾನೂನು ಸಾಕಿದವರ ಮೇಲೆ ಹೊಣೆ ಹೊರಿಸುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂ ಪ್ರಕಾರ, ತನ್ನ ಪ್ರಾಣಿಯಿಂದ ಜನರಿಗೆ ಅಪಾಯವಾಗದಂತೆ ನೋಡಿಕೊಳ್ಳದವರಿಗೆ ಆರು ತಿಂಗಳವರೆಗೆ ಸಜೆ, ಇಲ್ಲವೇ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಸಾಕುನಾಯಿಗೆ ಲಸಿಕೆ ಹಾಕಿಸುವುದು ಸಾಕಿದವರ ಕರ್ತವ್ಯ ಎಂದು 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳೂ ಹೇಳುತ್ತವೆ. 2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಆದೇಶಗಳನ್ನು ಟಿವಿಯಲ್ಲಿ ನೋಡಿ ಕೆಲವರು ಗೊಂದಲಕ್ಕೆ ಬಿದ್ದಿದ್ದಾರೆ. ಅವು ಬೀದಿನಾಯಿಗಳ ಕುರಿತಾದವು. ಮನೆಯ ನಾಯಿಗೆ ಮನೆಯವರೇ ಹೊಣೆ.

ವಿಷ ಇಡುವ ಯೋಚನೆ ಮಾತ್ರ ಬೇಡ. ಅದೇ ಸಂಹಿತೆಯ 325ನೇ ಕಲಂ ಅಡಿ ಐದು ವರ್ಷದವರೆಗೆ ಸಜೆಯಾಗುವ ಅಪರಾಧವದು. ಹಾಗೆ ಇಟ್ಟ ವಿಷದ ತುತ್ತು ಯಾರ ಮಗುವಿನ ಕೈಗೆ ಸಿಗುತ್ತದೆಂದು ಇಟ್ಟವರಿಗೂ ಗೊತ್ತಿರುವುದಿಲ್ಲ. ನಾಯಿಯನ್ನು ಗಾಡಿಯಲ್ಲಿ ಹಾಕಿಕೊಂಡು ಹೋಗಿ ಕಾಡಂಚಿನಲ್ಲಿ ಬಿಟ್ಟು ಬರುವುದೂ ಬೇಡ. ನಿಮ್ಮ ಬೀದಿಯ ತೊಂದರೆ ಇನ್ನೊಂದು ಹಾಡಿಯ, ಇನ್ನೊಂದು ಊರಿನ ಮಕ್ಕಳ ತೊಂದರೆಯಾಗುತ್ತದೆ, ಅಷ್ಟೇ.

ಇಷ್ಟೆಲ್ಲ ಮಾಡಿಯೂ ಕಚ್ಚಿತು ಎಂದುಕೊಳ್ಳಿ. ಮೊದಲ ಕೆಲಸ ನಲ್ಲಿಯ ಹತ್ತಿರ. ಧಾರೆಯಾಗಿ ನೀರು ಬಿಟ್ಟು, ಸೋಪು ಹಾಕಿ, ಗಡಿಯಾರ ನೋಡಿಕೊಂಡು ಹದಿನೈದು ನಿಮಿಷ ತೊಳೆಯಬೇಕು. ಬಟ್ಟೆ ಸೋಪಾದರೂ ಸರಿ. ನಲ್ಲಿಯಲ್ಲಿ ನೀರು ಬರದಿದ್ದರೆ ಒಬ್ಬರು ಚೊಂಬಿನಿಂದ ಎಡೆಬಿಡದೆ ಹೊಯ್ಯಲಿ, ಇನ್ನೊಬ್ಬರು ತೊಳೆಯಲಿ. ಹದಿನೈದು ನಿಮಿಷ ಅನ್ನುವುದು ಅಳುವ ಮಗುವನ್ನು ಹಿಡಿದುಕೊಂಡಾಗ ಬಹಳ ದೀರ್ಘ, ಹೆಚ್ಚಿನವರು ಎರಡು ನಿಮಿಷಕ್ಕೇ ನಿಲ್ಲಿಸಿಬಿಡುತ್ತಾರೆ. ನಿಲ್ಲಿಸಬೇಡಿ. ಜೊಲ್ಲಿನಲ್ಲಿರುವ ವೈರಸ್ಸು ನರಕ್ಕೆ ಸೇರುವ ಮುಂಚೆ ಅಲ್ಲಿಂದ ತೊಳೆದು ಹೋಗಬೇಕು. ಸೋಪು ಅದರ ಹೊರಗಿನ ಕೊಬ್ಬಿನ ಪದರವನ್ನೇ ಒಡೆಯುತ್ತದೆ.

ಆಮೇಲೆ ಪೋವಿಡೋನ್ ಅಯೋಡಿನ್ ಇದ್ದರೆ ಹಚ್ಚಿ, ಇಲ್ಲದಿದ್ದರೆ ಹಾಗೆಯೇ ಹೊರಡಿ. ಅರಿಶಿನ ಬೆಳೆಯುವ ಸೀಮೆ ನಮ್ಮದು, ಯಾವ ಗಾಯಕ್ಕೂ ಕೈ ಮೊದಲು ಅರಿಶಿನದ ಡಬ್ಬಿಗೆ ಹೋಗುತ್ತದೆ. ನಾಯಿ ಕಡಿತಕ್ಕೆ ಅದನ್ನು ಮೆತ್ತಬೇಡಿ. ಸುಣ್ಣ, ಖಾರದ ಪುಡಿ, ಕಾಫಿ ಪುಡಿ, ಸೀಮೆಎಣ್ಣೆ ಯಾವುದೂ ಬೇಡ. ಬಟ್ಟೆ ಬಿಗಿದು ಕಟ್ಟಬೇಡಿ. ಎಲ್ಲೋ ಒಂದು ಊರಿನಲ್ಲಿ ಬೇರು ಅರೆದು ಕುಡಿಸುತ್ತಾರೆ, ಪಥ್ಯ ಹೇಳುತ್ತಾರೆ ಎಂದು ಮಗುವನ್ನು ಅಲ್ಲಿಗೆ ಕರೆದೊಯ್ಯುವವರು ಇಂದಿಗೂ ಇದ್ದಾರೆ. ಅವರ ನಂಬಿಕೆಯನ್ನು ಹಂಗಿಸುವುದು ನನ್ನ ಉದ್ದೇಶವಲ್ಲ. ಆದರೆ ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಸಿಕೊಳ್ಳುವ ಮದ್ದು ಎಲ್ಲಿಯೂ ಇಲ್ಲ, ದೊಡ್ಡ ಆಸ್ಪತ್ರೆಗಳಲ್ಲೂ ಇಲ್ಲ. ಕರ್ನಾಟಕದಲ್ಲಿ 2022ರ ಡಿಸೆಂಬರ್‌ನಲ್ಲಿ ಮನುಷ್ಯರಿಗೆ ಬರುವ ರೇಬೀಸನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಯೆಂದು ಘೋಷಿಸಿದ್ದೂ ಅದಕ್ಕೇ.

ಇಂಜೆಕ್ಷನ್ ಭಯ ಹಿರಿಯರಿಂದ ಬಂದದ್ದು. ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ ಎಂಬ ಮಾತು ಅಜ್ಜಿಯರ ಬಾಯಲ್ಲಿ ಇನ್ನೂ ಇದೆ, ಅದು ಕಟ್ಟುಕಥೆಯಲ್ಲ. ಕುರಿಯ ಮಿದುಳಿನಿಂದ ತಯಾರಿಸುತ್ತಿದ್ದ ಹಳೆಯ ಲಸಿಕೆ ಹಾಗೆಯೇ ಇತ್ತು. ಗುಂಡ್ಲುಪೇಟೆಯಿಂದ ಘಟ್ಟ ಹತ್ತಿದರೆ ಸಿಗುವ ಕೂನೂರಿನಲ್ಲಿ 1907ರಲ್ಲಿ ಶುರುವಾದ ಪಾಶ್ಚರ್ ಇನ್‌ಸ್ಟಿಟ್ಯೂಟ್‌ನಲ್ಲೂ ಅದನ್ನು ತಯಾರಿಸುತ್ತಿದ್ದರು. ಅದನ್ನು ದೇಶದಲ್ಲಿ 2004ರ ಕೊನೆಗೆ ನಿಲ್ಲಿಸಲಾಯಿತು. ಈಗಿನ ಲಸಿಕೆ ಹಾಕುವುದು ತೋಳಿಗೆ, ತೀರ ಚಿಕ್ಕ ಮಕ್ಕಳಿಗೆ ತೊಡೆಗೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಚರ್ಮದೊಳಗೆ ಚುಚ್ಚುತ್ತಾರೆ: ಮೊದಲ ದಿನವನ್ನು ಸೊನ್ನೆ ಎಂದು ಎಣಿಸಿ 0, 3, 7 ಮತ್ತು 28ನೇ ದಿನ. ದುಡ್ಡು ಕೊಡಬೇಕಿಲ್ಲ.

ರಕ್ತ ಬಂದಿದ್ದರೆ ಲಸಿಕೆಯೊಂದೇ ಸಾಲದು. ಲಸಿಕೆಯ ಶಕ್ತಿ ಮೈಯಲ್ಲಿ ಏಳಲು ಕೆಲವು ದಿನ ಬೇಕು. ಅಷ್ಟು ದಿನ ಕಾಯುವುದು ಇಮ್ಯುನೋಗ್ಲಾಬ್ಯುಲಿನ್ ಎಂಬ ಇನ್ನೊಂದು ಮದ್ದು. ಅದನ್ನು ಮಗುವಿನ ತೂಕ ನೋಡಿ, ಗಾಯದ ಒಳಗೂ ಸುತ್ತಲೂ ಚುಚ್ಚುತ್ತಾರೆ. ಆದಷ್ಟು ಮೊದಲ ದಿನವೇ ಕೊಡಿಸಬೇಕು, ಲಸಿಕೆಯ ಮೊದಲ ಡೋಸ್ ಆಗಿ ಏಳು ದಿನ ಕಳೆದ ಮೇಲೆ ಕೊಡುವುದಿಲ್ಲ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಲಸಿಕೆ ಹಾಕಿಸಿಕೊಂಡು, ಈ ಮದ್ದು ಅಲ್ಲಿ ಇಲ್ಲವೆಂದರೆ ಅದೇ ದಿನ ಚಾಮರಾಜನಗರದ ಜಿಲ್ಲಾ ಮಟ್ಟದ ಸರ್ಕಾರಿ ಆಸ್ಪತ್ರೆಗೆ ಹೋಗಿ, ಹೆಸರು ಹೇಳಿ ಕೇಳಿ. ಮುಖ, ತಲೆ, ಕತ್ತು, ಬೆರಳಿಗೆ ಕಚ್ಚಿದ್ದರೆ ನಾಳೆ ನೋಡೋಣ ಎನ್ನುವಂತೆಯೇ ಇಲ್ಲ. ಮಿದುಳಿಗೆ ದಾರಿ ಹತ್ತಿರವಾದಷ್ಟೂ ಕಾಯಿಲೆ ಬೇಗ ಬರುತ್ತದೆ.

ಮತ್ತೆ ಪಕ್ಕದ ಮನೆಗೆ ಬರೋಣ, ಏಕೆಂದರೆ ಈಗ ನಿಮಗೆ ಅವರು ಬೇಕು. ಕಚ್ಚಿದ ನಾಯಿಯನ್ನು ಹತ್ತು ದಿನ ಕಣ್ಣೆದುರಿಗೇ ಇಟ್ಟು ನೋಡಬೇಕು. ಕಚ್ಚುವಾಗ ನಾಯಿಯ ಜೊಲ್ಲಿನಲ್ಲಿ ರೇಬೀಸ್ ವೈರಸ್ಸು ಇದ್ದಿದ್ದರೆ ಅಷ್ಟರೊಳಗೆ ಅದು ಕಾಯಿಲೆ ಬಿದ್ದು ಸಾಯುತ್ತದೆ. ಹತ್ತು ದಿನ ತಿಂದುಂಡು ಚೆನ್ನಾಗಿದ್ದರೆ ಉಳಿದ ಡೋಸಿನ ಬಗ್ಗೆ ವೈದ್ಯರು ತೀರ್ಮಾನಿಸುತ್ತಾರೆ. ಹಾಗೆಂದು ಲಸಿಕೆ ಹಾಕಿಸದೆ ಹತ್ತು ದಿನ ಕಾಯುವುದಲ್ಲ, ಲಸಿಕೆ ಅಂದೇ ಶುರುವಾಗಬೇಕು. ನಾಯಿಗೆ ಲಸಿಕೆ ಆಗಿದೆ ಎಂದು ಅವರು ಹೇಳಿದರೂ ಮಗುವಿನದನ್ನು ಬಿಡಬೇಡಿ. ಬಡಿಗೆ ಹಿಡಿದು ಅವರ ಬಾಗಿಲಿಗೆ ಹೋದರೆ ಅವರು ಹೆದರಿ ನಾಯಿಯನ್ನು ಸಾಗಿಸಿಬಿಡುತ್ತಾರೆ, ಇಲ್ಲವೇ ನೀವೇ ಹೊಡೆದು ಕೊಂದಿರುತ್ತೀರಿ. ಎರಡರಲ್ಲಿ ಯಾವುದಾದರೂ ಆ ನಾಯಿಗೆ ಕಾಯಿಲೆ ಇತ್ತೋ ಇಲ್ಲವೋ ಎಂದು ತಿಳಿಯುವ ದಾರಿಯೇ ಮುಚ್ಚಿತು. “ಹತ್ತು ದಿನ ಕಟ್ಟಾಕಿ, ಮಂಕಾದರೆ, ನೀರು ಬಿಟ್ಟರೆ, ಸ್ವರ ಬದಲಾದರೆ ನನಗೆ ತಕ್ಷಣ ಹೇಳಿ” ಎಂದು ಕೇಳಿಕೊಳ್ಳಿ. ದೂರು ಕೊಡುವುದಿದ್ದರೆ ಅದಾದ ಮೇಲೆ ಕೊಡಬಹುದು, ಆಸ್ಪತ್ರೆಯ ಚೀಟಿ ಜೋಪಾನವಾಗಿಡಿ.

28ನೇ ದಿನದ ಡೋಸ್ ಬಹಳ ಮನೆಗಳಲ್ಲಿ ತಪ್ಪುತ್ತದೆ. ಅಷ್ಟರಲ್ಲಿ ಗಾಯ ಮಾಯ್ದಿರುತ್ತದೆ, ಕೂಲಿ ಬಿಟ್ಟು ಬಸ್ಸು ಹತ್ತಲು ಮನಸ್ಸಾಗುವುದಿಲ್ಲ. ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಶಾಲೆಯ ಟೀಚರಿಗೂ ಹೇಳಿಡಿ.

ನನ್ನನ್ನು ಹೆಚ್ಚು ಕಾಡುವುದು ಹೇಳದೆ ಉಳಿದ ಗಾಯಗಳು. ರೇಬೀಸ್ ಶಂಕೆಯಿರುವ ಪ್ರಾಣಿಗಳಿಂದ ಕಚ್ಚಿಸಿಕೊಂಡವರಲ್ಲಿ ನೂರಕ್ಕೆ ನಲವತ್ತು ಮಂದಿ ಹದಿನೈದು ವರ್ಷದೊಳಗಿನ ಮಕ್ಕಳು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಮಕ್ಕಳು ಮರಿ ನಾಯಿಯ ಜೊತೆ ಆಡುತ್ತಾರೆ, ಹಲ್ಲು ತಾಗುತ್ತದೆ, ಉಗುರು ಪರಚುತ್ತದೆ. ಅಪ್ಪ ಹೊಡೆಯುತ್ತಾನೆಂದು ಹೆದರಿ ಚಡ್ಡಿ ಕೆಳಗೆ ಎಳೆದು ಗೀರು ಮುಚ್ಚಿಕೊಳ್ಳುತ್ತಾರೆ. ಮರಿಯಿಂದಲೂ ಕಾಯಿಲೆ ಬರುತ್ತದೆ. ರಕ್ತ ಕಾಣದ ಪರಚು ಗಾಯಕ್ಕೂ ಲಸಿಕೆ ಬೇಕು. ಆದ್ದರಿಂದ ನಾಯಿಯ ಹತ್ತಿರ ಹೋಗಬೇಡ ಎಂದು ನೂರು ಸಲ ಗದರುವ ತಂದೆ ತಾಯಿ, ಹೋಗಿ ಏನಾದರೂ ಆದರೆ ಬಂದು ಹೇಳು, ಬೈಯುವುದಿಲ್ಲ ಎಂದೂ ಹೇಳಿರಬೇಕು. ಹೇಳಿದ ದಿನ ನಿಜಕ್ಕೂ ಬೈಯಬಾರದು. ಮಗು ಒಂದು ವಾರವಾದ ಮೇಲೆ, ಒಂದು ತಿಂಗಳಾದ ಮೇಲೆ ಬಾಯಿ ಬಿಟ್ಟರೂ ತಡವಾಯಿತೆಂದು ಕೈಬಿಡಬೇಡಿ. ಕಚ್ಚಿದ ಮೇಲೆ ಕಾಯಿಲೆ ಕಾಣಿಸಿಕೊಳ್ಳಲು ಸಾಮಾನ್ಯವಾಗಿ ಎರಡು ಮೂರು ತಿಂಗಳು ಹಿಡಿಯುತ್ತದೆ, ಕೆಲವರಲ್ಲಿ ಅದಕ್ಕಿಂತ ಬೇಗ, ಕೆಲವರಲ್ಲಿ ವರ್ಷದವರೆಗೂ ಹೋಗಬಹುದು. ಮಗು ಹೇಳಿದ ದಿನವೇ ಆಸ್ಪತ್ರೆಗೆ ಹೋಗಿ, ಕಚ್ಚಿದ್ದು ಯಾವ ದಿನ ಎಂಬುದನ್ನು ಮುಚ್ಚಿಡದೆ ಹೇಳಿ, ಅಂದೇ ಲಸಿಕೆ ಶುರು ಮಾಡಿಸಿ.